ಮೋಟಾರು ಗಾಡಿಗಳ ಸ್ಟೀರಿಂಗ್ ಏರ್ಪಾಡೂ ಅದರಲ್ಲಿ ತೋರುವ ದೋಷಗಳೂ

ಟ್ರ್ಯಾಕ್ಟರು, ಜೀಪು, ಕಾರು ಮುಂತಾದ ಮೋಟಾರು ಗಾಡಿಗಳನ್ನು ಇಟ್ಟುಕೊಂಡಿರುವ ಗ್ರಾಮಸ್ಥ ಯಜಮಾನರು ಇಂಜಿನಿನ ವಿಷಯದಲ್ಲಿ ತೋರಿಸುವ ಎಚ್ಚರಿಕೆಯನ್ನು ಸಾಧಾರಣವಾಗಿ ಸ್ಟೀರಿಂಗಿನ ವಿಷಯದಲ್ಲಿ ತೋರಿಸುವುದಿಲ್ಲ. ಇಂಜಿನು ಕೆಟ್ಟರೆ ಗಾಡಿಯು ನಿಂತುಹೋಗುವುದು. ಆ ದಿನದ ಉಳುಮೆಯೋ ಸಂತೆಯ ಪ್ರಯಾಣವೋ ತಪ್ಪುವುದು. ನಷ್ಟವು ಅಲ್ಲಿಗೇ ಮುಗಿಯುವುದು. ಸ್ಟೀರಿಂಗು ಕೆಟ್ಟರೆ ಗಾಡಿಯು ನಿಲ್ಲುವುದಿಲ್ಲ. ಅದು ಓಡುತ್ತಲೇ ಇರುವುದು, ಆದರೆ ನಡೆಸುವವನ ಕೈಗೆ ಸಿಕ್ಕುವುದಿಲ್ಲ. ಕೆರೆಯ ಏರಿಯ ಮೇಲೋ ಘಟ್ಟದ ದಾರಿಯಲ್ಲೋ ಹೀಗಾದರೆ ಮುಂದೇನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ; ಅಂತಹ ಸ್ಥಳಗಳಲ್ಲಿ ಪಂಚನಾಮೆಗೆ ರುಜು ಹಾಕಿರುವವರು ಈ ವಾಚಕರಲ್ಲಿಯೇ ಕೆಲವರಿರಬಹುದು.

ಇಂತಹ ಅಪಾಯಗಳಲ್ಲಿ ಬಹುಭಾಗವು ಒಂದು ದಿನದಲ್ಲಿ ಹುಟ್ಟಿದವುಗಳಲ್ಲ. ಸ್ಟೀರಿಂಗಿನ ಭಾಗಗಳು ಮುರಿಯುವುದಕ್ಕೆ ಮುಂಚೆ ಬಹುಕಾಲ ಸವೆಯುತ್ತವೆ. ಸವೆಯುವಾಗ ಕೈಗೂ ಕಣ್ಣಿಗೂ ಕಿವಿಗೂ ತಿಳಿಯುವಂತಹ ಗುರುತುಗಳನ್ನು ತೋರಿಸುತ್ತವೆ. ಆ ಗುರುತುಗಳನ್ನು ತಿಳಿಯುವುದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯವು ಬೇಕಾಗಿಲ್ಲ. ಎತ್ತಿನ ಗಾಡಿಯ ಕೀಲನ್ನೂ ಕಡಾಣಿಯನ್ನೂ ನೋಡಿ ಬಲ್ಲವರಿಗೆ ಇದೂ ತಿಳಿಯುವ ವಿಷಯವೇ ಆಗಿದೆ.

ತಿರುಗುವ ತತ್ತ್ವ

ನಮ್ಮ ಎತ್ತಿನ ಗಾಡಿಗೆ ಎರಡೇ ಚಕ್ರಗಳಿವೆ. ಎತ್ತುಗಳು ನೊಗವನ್ನು ಯಾವ ಕಡೆಗೆ ಎಳೆದರೆ ಆ ಕಡೆಗೆ ಮೂಕಿಯೂ ಅದರೊಡನೆ ಅಚ್ಚೂ ತಿರುಗುತ್ತವೆ. ಒಳಗಿನ ಚಕ್ರವು ಸ್ವಲ್ಪ ಉರುಳಿದರೆ ಹೊರಗಿನ ಚಕ್ರವು ಹೆಚ್ಚಾಗಿ ಉರುಳುತ್ತದೆ. ಚಕ್ರಗಳು ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುವುದರಿಂದ ಯಾವ ತೊಂದರೆಯೂ ಇಲ್ಲ. ದೇವರ ರಥವನ್ನು ನೋಡಿರಿ. ಅದಕ್ಕೆ ನಾಲ್ಕು ಚಕ್ರಗಳು. ಎರಡು ಅಚ್ಚುಗಳೂ ಅಲ್ಲಾಡದಂತೆ ಕಟ್ಟಿದವು. ಆದಕಾರಣ ರಥವು ತಾನಾಗಿ ತಿರುಗಲಾರದು. ಬೀದಿಯ ಮೂಲೆಗೆ ಬಂದಾಗ ಚಕ್ರದ ಅಡಿಗೆ ಮರದ ಅಡ್ಡೆಗಳನ್ನು ಕೊಟ್ಟು, ಸನ್ನೆ ಹಾಕಿ ಮೀಟಿ, ನೂರಾರು ಜನರು ಹಗ್ಗವನ್ನು ಓರೆಯಾಗಿ ಎಳೆದು, ಚಕ್ರಗಳು ನೆಲವನ್ನು ಉಜ್ಜಿಕೊಂಡು ಬರುವಂತೆ ಅದನ್ನು ತಿರುಗಿಸಬೇಕಾಗುವುದು. ನಾಲ್ಕು ಚಕ್ರದ ಗಾಡಿಯ ಕಷ್ಟವು ಏನೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಪೂರ್ವದಲ್ಲಿ ಯೂರೋಪಿನ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚನ್ನೇ ನಡುವೆ ಒಂದು ದೊಡ್ಡ ಮೊಳೆಯ ಮೇಲೆ ತಿರುಗುವಂತೆ ಮಾಡುತ್ತಿದ್ದರು. ಈಗಲೂ ಟ್ರ್ಯಾಕ್ಟರುಗಳ ಹಿಂದೆ ಕಟ್ಟುವ ನಾಲ್ಕು ಚಕ್ರದ ಟ್ರೈಲರುಗಳಲ್ಲಿ ಈ ಏರ್ಪಾಡನ್ನು ಕಾಣಬಹುದು. ಇದರಲ್ಲಿ ಒಂದು ಲೋಪವಿದೆ. ಅಚ್ಚು ಪೂರ್ತಿಯಾಗಿ ತಿರುಗಿದಾಗ ಎರಡು ಚಕ್ರಗಳೂ ಗಾಡಿಯ ಮಧ್ಯಕ್ಕೆ ಬರುವುದರಿಂದ ಗಾಡಿಯು ಮೂರು ಕಾಲಿನ ಮಣೆಯಂತಾಗಿ ಸುಲಭವಾಗಿ ಮಗುಚುವುದು. 1817ರಲ್ಲಿ ಮ್ಯೂನಿಕ್ ನಗರದ ಗಾಡಿ ಕಟ್ಟುವ ಲಾಂಕೆನ್‌ಸ್ಪರ್ಗರ್ ಎಂಬಾತನು ಇದಕ್ಕೆ ಒಂದು ಪರಿಹಾರವನ್ನು ಕಂಡುಹಿಡಿದನು. ಅಚ್ಚನ್ನು ಅಲ್ಲಾಡದಂತೆ ನಿಲ್ಲಿಸಿ, ಅದರ ಎರಡು ತುದಿಗಳಲ್ಲಿ ಒಂದೊಂದು ಕೀಲನ್ನಿಟ್ಟು, ಚಕ್ರಗಳು ಮಾತ್ರ ಆ ಕೀಲುಗಳ ಮೇಲೆ ತಿರುಗುವಂತೆ ಮಾಡಿದನು. 1818ರಲ್ಲಿ ಲಂಡನ್ನಿನಲ್ಲಿ ಆತನ ಪರವಾಗಿ ಪೇಟೆಂಟು ಪಡೆದವನು ರುಡಾಲ್ಫ್ ಆಕರ್ಮನ್. ಇಂದಿಗೂ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದಕ್ಕೆ ಆಕರ್ಮನ್ ಏರ್ಪಾಡು ಎಂದೇ ಹೆಸರು. ಉಳುವವನೊಬ್ಬನು, ಪಹಣಿಯಲ್ಲಿ ಹೆಸರು ಇನ್ನೊಬ್ಬನದು, ಎಂಬುದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯಲ್ಲವೆಂದು ತೋರುತ್ತದೆ. ಕಾರ್ಲ್ ಬೆಂಜನು 1886ರಲ್ಲಿ ಹೊರತಂದ ಮೊದಲನೆಯ ಮೋಟಾರು ಗಾಡಿಗೆ ಈ ಕಷ್ಟವನ್ನು ತಪ್ಪಿಸುವುದಕ್ಕಾಗಿ ಮುಂದೆ ಒಂದೇ ಚಕ್ರವಿತ್ತು. ತುದಿಕೀಲುಗಳ ಏರ್ಪಾಡಿಗೆ ಆತನು 1893ರಲ್ಲಿ ಪೇಟೆಂಟು ಪಡೆದು ನಾಲ್ಕು ಚಕ್ರದ ಗಾಡಿಯನ್ನು ಮಾಡಿದನು.

ಈ ಏರ್ಪಾಡಿನಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಗಾಡಿಯು ಬಲಕ್ಕೆ ತಿರುಗುವಾಗ ಬಲಗಡೆಯ ಚಕ್ರವು ಚಿಕ್ಕ ವೃತ್ತದಲ್ಲಿಯೂ ಎಡಗಡೆಯ ಚಕ್ರವು ದೊಡ್ಡ ವೃತ್ತದಲ್ಲಿಯೂ ಚಲಿಸಬೇಕು. ಆದಕಾರಣ ಎರಡೂ ಚಕ್ರಗಳು ಸಮನಾಗಿ ಓರೆಯಾದರೆ ಸಾಲದು. ಒಳಗಿನದು ಹೆಚ್ಚಾಗಿ ಓರೆಯಾಗಬೇಕು. ಮುಂದಿನ ಹಿಂದಿನ ಅಚ್ಚುಗಳ ನಡುವೆ 2 ಮೀಟರೂ ಎರಡು ಮುಂಚಕ್ರಗಳ ಕೀಲುಗಳ ನಡುವೆ 1.3 ಮೀಟರೂ ಇರುವ ಒಂದು ಗಾಡಿಯನ್ನು ಹಿಂದಿನ ಅಚ್ಚಿನ ಮಧ್ಯದಿಂದ 5 ಮೀಟರು ದೂರದ ಒಂದು ಗೂಟದ ಸುತ್ತಲೂ ತಿರುಗಿಸಬೇಕೆಂದಿಟ್ಟುಕೊಳ್ಳೋಣ. ಲೆಕ್ಕ ಮಾಡಿದರೆ ಒಳಚಕ್ರವು ಸುಮಾರು 25 ಡಿಗ್ರಿಯೂ ಹೊರಚಕ್ರವು ಸುಮಾರು 19½ ಡಿಗ್ರಿಯೂ ಓರೆಯಾಗಬೇಕೆಂದು ಬರುತ್ತದೆ. ಚಕ್ರಗಳ ಕೀಲಿನಿಂದ ಹೊರಟ ತೋಳುಗಳನ್ನು ನೆಟ್ಟಗೆ ಇಡದೆ ಸ್ವಲ್ಪ ಒಳಗಡೆಗೆ ವಾಲಿಸಿ, ಅವೆರಡನ್ನೂ ಒಂದು ಅಡ್ಡಕಂಬಿಯಿಂದ ಸೇರಿಸಿದರೆ ಈ ವ್ಯತ್ಯಾಸವು ಹೆಚ್ಚುಕಡಿಮೆ ತಾನಾಗಿಯೇ ಒದಗುವುದು. ಈ ತೋಳು ಕಲ್ಲಿಗೆ ತಗುಲಿ ಒಂದಿಷ್ಟು ಬಾಗಿದರೂ ಲೆಕ್ಕವೆಲ್ಲ ತಪ್ಪಿ ಚಕ್ರಗಳು ರಥದ ಚಕ್ರಗಳಂತೆ ನೆಲವನ್ನು ಉಜ್ಜಲಾರಂಭಿಸುತ್ತವೆ. ಹೊಸ ಟೈರು ಅಲ್ಪಕಾಲದಲ್ಲಿಯೇ ಸವೆದುಹೋಯಿತೆಂದು ಅಂಗಡಿಯವನನ್ನು ದೂರುವವರು ಮೊದಲು ಈ ತೋಳನ್ನು ನೋಡುವುದು ಒಳ್ಳೆಯದು.

ಕೈಯಿಂದ ಚಕ್ರದವರೆಗೆ

ನಡೆಸುವವನ ಕೈಯಲ್ಲಿರುವ ಚಕ್ರಕ್ಕೆ ಹಡಗಿನ ಚುಕ್ಕಾಣಿಯ ಹೆಸರನ್ನು ಕೆಲವರು ಕೊಡುವುದುಂಟು; ರೂಢಿಯಲ್ಲಿ ಅದು ಸ್ಟೀರಿಂಗ್ ಚಕ್ರವೇ ಸರಿ. ಅದರಿಂದ ಒಂದು ಕಂಬವು ಕೆಳಗಿಳಿದು ಒಂದು ಪೆಟ್ಟಿಗೆಯನ್ನು ಸೇರುತ್ತದೆ. ಕೈಯ ಬಲವನ್ನು ಹೆಚ್ಚಿಸುವುದು ಈ ಪೆಟ್ಟಿಗೆಯ ಕೆಲಸ. ಕೈಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು ಮೂರೂವರೆ ಸುತ್ತು ತಿರುಗಿಸಿದರೆ ನೆಲದ ಮೇಲಿನ ಚಕ್ರವು ಸುಮಾರು 70 ಡಿಗ್ರಿ ಮಾತ್ರ ತಿರುಗುವುದು. ಎಂದರೆ ಹದಿನೆಂಟಕ್ಕೆ ಒಂದರಂತಾಯಿತು. ಏತದಲ್ಲಿ ಉದ್ದವಾದ ತೊಲೆಯು ಮಾಡುವ ಉಪಕಾರವನ್ನೇ ಇಲ್ಲಿ ಹಲ್ಲುಗಳು ಮಾಡುತ್ತವೆ.

ಪೆಟ್ಟಿಗೆಯಲ್ಲಿ ಹಲವು ಬಗೆಗಳಿವೆ. ಹಳೆಯ ಗಾಡಿಗಳಲ್ಲಿ ಒಂದು ತಿರುಪೂ ಅದಕ್ಕೆ ಹೊಂದಿದ ಹಲ್ಲಿನ ತುಂಡೂ ಇರುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದ ವಿಲಿಸ್ ಜೀಪುಗಳಲ್ಲಿ ತಿರುಪಿನ ಗಾಡಿಯಲ್ಲಿ ಎರಡು ಮೊಳೆಗಳುಳ್ಳ ಒಂದು ತೋಳು ಚಲಿಸುತ್ತಿತ್ತು. 1940ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ತಿರುಪಿಗೂ ಅದರ ಮೇಲಿನ ನಟ್ಟಿಗೂ ನಡುವೆ ಸಣ್ಣ ಉಕ್ಕಿನ ಗುಂಡುಗಳು ಸುತ್ತಿಸುತ್ತಿ ಬರುವಂತೆ ಮಾಡಿದ ಪೆಟ್ಟಿಗೆಯು ಬಂದಿತು. ಗುಂಡುಗಳು ಉರುಳುವುದರಿಂದ ತಿಕ್ಕಾಟವು ಬಹಳ ಕಡಿಮೆ. ಅನೇಕ ಲಾರಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಈ ಬಗೆಯನ್ನೇ ಉಪಯೋಗಿಸಿರುತ್ತಾರೆ. ಪೆಟ್ಟಿಗೆಯಿಂದ ಹೊರಕ್ಕೆ ಡ್ರಾಪ್ ಆರ್ಮ್ ಎಂಬ ತೋಳು ಇಳಿದಿರುವುದು. ಅದರಿಂದ ಡ್ರ್ಯಾಗ್ ಲಿಂಕ್ ಎಂಬ ಕಂಬಿಯು ಹೊರಟು ಒಂದು ಮುಂಚಕ್ರದ ತೋಳನ್ನು ಎಳೆಯುವುದು. ಟೈ ರಾಡ್ ಎಂಬ ಅಡ್ಡಕಂಬಿಯು ಅದರ ಚಲನೆಯನ್ನು ಇನ್ನೊಂದು ಚಕ್ರಕ್ಕೆ ಒಯ್ಯುವುದು. ಕೆಲವು ಟ್ರ್ಯಾಕ್ಟರುಗಳಲ್ಲಿ ಎರಡು ಡ್ರಾಪ್ ಆರ್ಮುಗಳಿದ್ದು, ಎರಡು ಚಕ್ರಗಳಿಗೂ ಬೇರೆಬೇರೆ ಕಂಬಿಗಳಿರುತ್ತವೆ. ಈಗಿನ ಸಣ್ಣ ಕಾರುಗಳಲ್ಲಿ ಈ ಗೊಂದಲವಿಲ್ಲ. ಕಂಬದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯೂ, ಅದು ಕಚ್ಚಿಕೊಂಡಿರುವ ರ‍್ಯಾಕ್ ಎಂಬ ಹಲ್ಲಿನ ಉದ್ದ ಕಂಬಿಯೂ ಇದ್ದು, ಕಂಬಿಯು ಎಡಬಲಕ್ಕೆ ಸರಿದು ಎರಡು ಚಕ್ರಗಳನ್ನೂ ನೇರವಾಗಿ ತಿರುಗಿಸುವುದು. ರ‍್ಯಾಕಿನ ಎರಡು ತುದಿಗಳಿಗೂ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಚೀಲಗಳನ್ನು ತೊಡಿಸಿರುತ್ತಾರೆ. ಈ ಚೀಲವು ಹರಿದರೆ ಧೂಳೂ ನೀರೂ ಒಳಕ್ಕೆ ಹೋಗಿ ಹಲ್ಲುಗಳನ್ನು ತಿನ್ನುತ್ತವೆ. ಚೀಲದ ಬೆಲೆಯು ಅಲ್ಪ, ರ‍್ಯಾಕಿನ ಬೆಲೆಯು ಬಹಳ; ಹರಿದುದನ್ನು ಕಂಡ ದಿನವೇ ಬದಲಾಯಿಸತಕ್ಕದ್ದು.

ಕಂಬಿಗಳ ತುದಿಗಳಲ್ಲೆಲ್ಲ ಬಾಲ್ ಜಾಯಿಂಟುಗಳಿರುತ್ತವೆ. ನಮ್ಮ ಭುಜದ ಕೀಲಿನಂತೆ ಒಂದು ಗುಂಡು ಒಂದು ಬಟ್ಟಲಿನಲ್ಲಿ ಕುಳಿತು ಎಲ್ಲ ದಿಕ್ಕಿಗೂ ತಿರುಗುವುದು. ಗುಂಡಿನ ಕೆಳಗಿನ ಮೊಳೆಗೆ ನಟ್ಟು ಹಾಕಿ, ನಟ್ಟು ಬಿಚ್ಚಿಕೊಳ್ಳದಂತೆ ಅದರೊಳಗಿಂದ ಸ್ಪ್ಲಿಟ್ ಪಿನ್ ಎಂಬ ಇಬ್ಬಾಯ ಕಡ್ಡಿಯನ್ನು ತೂರಿಸಿ ತುದಿಗಳನ್ನು ಮಡಿಸಿರುತ್ತಾರೆ. ಗಾಡಿಯ ಗುಂಬವನ್ನು ಹಿಡಿದಿರುವ ಕಡಾಣಿಗೂ ಇದಕ್ಕೂ ಕೆಲಸದಲ್ಲಿ ಭೇದವಿಲ್ಲ.

ಈ ಕಡ್ಡಿಯ ವಿಷಯದಲ್ಲಿ ಈ ಲೇಖಕನು ಕಂಡ ಒಂದು ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಒಬ್ಬ ಜಮೀನುದಾರರ ಟ್ರ್ಯಾಕ್ಟರು ಸುಗ್ಗಿಯ ಕಾಲದಲ್ಲಿ ಹೊರೆಯೊಡನೆ ಕಣದ ಕಡೆಗೆ ಬರುತ್ತಿದ್ದಾಗ ಮುಂಚಕ್ರಗಳಲ್ಲಿ ಒಂದು ಇದ್ದಕ್ಕಿದ್ದಂತೆ ಹೊರಕ್ಕೆ ತಿರುಗಿ ನಿಂತಿತು. ಗದ್ದೆಯ ಬದಿಯ ಮಣ್ಣುದಾರಿ, ನಡೆಯುವ ವೇಗ. ಯಾರಿಗೂ ಏನೂ ಆಗಲಿಲ್ಲ. ನೋಡಲಾಗಿ ಟೈ ರಾಡಿನ ತುದಿಯ ನಟ್ಟು ಬಿದ್ದುಹೋಗಿತ್ತು. ಕೆಲವು ತಿಂಗಳ ಹಿಂದೆ ಜಾಯಿಂಟನ್ನು ಬಿಚ್ಚಿದ್ದ ರಿಪೇರಿಯವನು ಹೊಸ ಕಡ್ಡಿ ಕೈಯಲ್ಲಿಲ್ಲದ್ದರಿಂದ ಒಂದು ಸಣ್ಣ ಮರಗೆಲಸದ ಮೊಳೆಯನ್ನು ಬಾಗಿಸಿ ಹಾಕಿದ್ದನಂತೆ. ಅದೇ ದಿನ ಮುಂಜಾನೆ ಆ ಟ್ರ್ಯಾಕ್ಟರು ಕೆರೆಯ ಏರಿಯ ಮೇಲೆ ಹೋಗಿ ಬಂದಿತ್ತು. ಯಜಮಾನರು ಎತ್ತಿನ ಗಾಡಿಯ ಕಾಲದಲ್ಲಿ ಕಡಾಣಿಯನ್ನು ನೋಡದೆ ಗಾಡಿ ಕಟ್ಟಿಸಿದವರಲ್ಲ. ಆದರೆ ಇದು ಯಂತ್ರ, ಅದರ ಗೊಡವೆ ಡ್ರೈವರಿನದು ಎಂದು ಸುಮ್ಮನಿದ್ದರು. ಡ್ರೈವರು ಅದು ರಿಪೇರಿಯವನದು ಎಂದು ಸುಮ್ಮನಿದ್ದನು.

ಮುಂಚಕ್ರವು ನೆಟ್ಟಗೆ ನಿಲ್ಲುವುದೇಕೆ

ತಿರುವು ಮುಗಿದ ಮೇಲೆ ಕೈಚಕ್ರವನ್ನು ಸಡಿಲಬಿಟ್ಟರೆ ಕಾರು ತಾನಾಗಿ ನೆಟ್ಟಗಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಬೈಸಿಕಲ್ಲಿನ ಮುಂದಿನ ಕವಲು ಹಿಂದಕ್ಕೆ ವಾಲಿದಂತೆ ಇರುವುದನ್ನು ಗಮನಿಸಿರಿ. ಆ ಕವಲಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ಬೀಳುವುದು. ಆದ್ದರಿಂದ ಟೈರು ಯಾವಾಗಲೂ ಕೀಲಿನ ಹಿಂದೆ ಎಳೆದುಕೊಂಡು ಬರುವುದು. ಹಗ್ಗ ಹಿಡಿದು ಎಳೆದ ಕರುವು ಕಡೆಗೆ ಹಗ್ಗದ ನೇರಕ್ಕೆ ಬರುವಂತೆ ಚಕ್ರವೂ ನೇರಕ್ಕೆ ಬರುವುದು. ಕಾರಿನ ಕೀಲುಗಳನ್ನೂ ಹೀಗೆಯೇ ವಾಲಿಸಿರುತ್ತಾರೆ. ತಿರುವಿನ ನಂತರ ಕೈಚಕ್ರವು ಹಿಂದಿರುಗದೆ ಇದ್ದರೆ ಕೀಲುಗಳು ಒಣಗಿ ಬಿಗಿದಿವೆಯೆಂದೋ, ಅಚ್ಚು ಅಥವಾ ಅದನ್ನು ಹಿಡಿದ ಭಾಗವು ಬಾಗಿ ವಾಲಿಕೆ ತಪ್ಪಿದೆಯೆಂದೋ ಊಹಿಸಬಹುದು.

ಇನ್ನೊಂದು, ಮುಂಚಕ್ರಗಳ ಮುಂಭಾಗವು ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಹತ್ತಿರವಾಗಿರುವಂತೆ ಇಟ್ಟಿರುವುದು. ಹಿಂಚಕ್ರಗಳು ತಳ್ಳುವ ಗಾಡಿಯಲ್ಲಿ ಓಟದ ಕಾಲದಲ್ಲಿ ಮುಂಚಕ್ರಗಳು ಹೊರಕ್ಕೆ ತೆರೆದುಕೊಳ್ಳಲು ನೋಡುವುದರಿಂದ, ನಿಂತಾಗ ಸ್ವಲ್ಪ ಒಳಮುಖವಾಗಿಟ್ಟರೆ ಓಡುವಾಗ ಸಮವಾಗುವುದು. ಇದಕ್ಕೆ ಟೋ-ಇನ್ ಎಂದು ಹೆಸರು. ಇದು ಕೆಲವು ಮಿಲಿಮೀಟರುಗಳ ಮಾತು. ಪ್ರತಿ ಗಾಡಿಗೂ ತಯಾರಕರ ಪುಸ್ತಕದಲ್ಲಿ ಅಳತೆಯನ್ನು ಕೊಟ್ಟಿರುವರು. ಟ್ರ್ಯಾಕ್ಟರಿನಲ್ಲಿ ಇದನ್ನು ಮನೆಯ ಅಂಗಳದಲ್ಲಿಯೇ ಅಳೆಯಬಹುದು. ಚಕ್ರಗಳನ್ನು ನೆಟ್ಟಗಿಟ್ಟು, ಎರಡು ಟೈರುಗಳ ಮುಂದುಗಡೆಯಲ್ಲಿ ಅಚ್ಚಿನ ಎತ್ತರಕ್ಕೆ ಸರಿಯಾಗಿ ಸುಣ್ಣದ ಗುರುತು ಮಾಡಿ ನಡುವಿನ ದೂರವನ್ನು ಅಳೆಯಿರಿ. ಅನಂತರ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ, ಆ ಗುರುತುಗಳೇ ಅರ್ಧ ಸುತ್ತು ತಿರುಗಿ ಹಿಂದುಗಡೆಯಲ್ಲಿ ಅದೇ ಎತ್ತರಕ್ಕೆ ಬಂದಾಗ ಪುನಃ ಅಳೆಯಿರಿ. ಎರಡರ ವ್ಯತ್ಯಾಸವೇ ಬೇಕಾದ ಅಳತೆ. ಬೆಳೆಯ ಸಾಲುಗಳಿಗೆ ಹೊಂದುವಂತೆ ಮುಂಚಕ್ರಗಳ ಅಗಲವನ್ನು ಬದಲಾಯಿಸಿದಾಗಲೆಲ್ಲ ಕಂಬಿಗಳ ಉದ್ದವನ್ನೂ ಎರಡು ಕಡೆಗೆ ಸಮನಾಗಿ ಬದಲಾಯಿಸಿ, ಹೀಗೆ ಅಳೆದು ನೋಡಲೇಬೇಕು. ಇದನ್ನು ಮರೆತು ಮುಂಗಾರಿನ ಉಳುಮೆಯೆಲ್ಲವನ್ನೂ ಓರೆ ಚಕ್ರದಲ್ಲಿಯೇ ಮುಗಿಸುವವರು ಕಡಿಮೆಯಿಲ್ಲ. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿಗೆ ನುಣುಪಾಗಿಯೂ ಇನ್ನೊಂದು ದಿಕ್ಕಿಗೆ ಗರಗಸದಂತೆ ಚೂಪಾಗಿಯೂ ತೋರಿದರೆ ಟೋ-ಇನ್ ತಪ್ಪಿದೆಯೆಂದು ತಿಳಿಯಬೇಕು. ಎರಡು ಅಂಚುಗಳೂ ಸವೆದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು.

ದೋಷಗಳನ್ನು ಕಂಡುಹಿಡಿಯುವ ಕ್ರಮ

ದೋಷಗಳಲ್ಲಿ ಮೊದಲನೆಯದೂ ಬಹಳ ಸಾಮಾನ್ಯವಾದುದೂ ಕೈಚಕ್ರದ ಆಟ. ರಿಪೇರಿಯವರು ಇದಕ್ಕೆ ಪ್ಲೇ ಎನ್ನುತ್ತಾರೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂಚಕ್ರಗಳನ್ನು ನೆಟ್ಟಗಿಟ್ಟು, ಕೈಚಕ್ರವನ್ನು ಮೆಲ್ಲಗೆ ಅತ್ತ ಇತ್ತ ಆಡಿಸಬೇಕು. ಎಣ್ಣೆಯ ಒತ್ತಡದಿಂದ ತಿರುಗುವ ಪವರ್ ಸ್ಟೀರಿಂಗ್ ಆಗಿದ್ದರೆ ಇಂಜಿನನ್ನು ನಡೆಸಿಕೊಂಡೇ ನೋಡಬೇಕು. ನೆಲದ ಚಕ್ರವು ಕದಲುವುದಕ್ಕೆ ಮುಂಚೆ ಕೈಚಕ್ರದ ಅಂಚು ಎಷ್ಟು ಚಲಿಸಿತೆಂಬುದೇ ಆಟದ ಅಳತೆ. ಕಾರಿನಲ್ಲಿ ಇದು ಒಂದು ಅಂಗುಲದೊಳಗೆ ಇರುವುದು ವಾಡಿಕೆ. ಟ್ರ್ಯಾಕ್ಟರು ಜೀಪುಗಳ ಪುಸ್ತಕಗಳಲ್ಲಿ ಸ್ವಲ್ಪ ಹೆಚ್ಚಿಗೆ ಬಿಟ್ಟಿರಬಹುದು. ಯಾವ ಗಾಡಿಯಲ್ಲಾಗಲಿ ಕಳೆದ ತಿಂಗಳಿಗಿಂತ ಈ ತಿಂಗಳು ಆಟವು ಹೆಚ್ಚಾಗಿದ್ದರೆ ಕಾರಣವನ್ನು ಹುಡುಕದೆ ಬಿಡಕೂಡದು.

ಹುಡುಕುವುದಕ್ಕೆ ಇಬ್ಬರು ಬೇಕು. ಒಬ್ಬನು ಮೇಲೆ ಕುಳಿತು ಕೈಚಕ್ರವನ್ನು ಆಡಿಸುತ್ತಿರಲಿ. ಇನ್ನೊಬ್ಬನು ಕೆಳಗೆ ನೋಡುತ್ತಾ ಪೆಟ್ಟಿಗೆಯಿಂದ ಹಿಡಿದು ಚಕ್ರದವರೆಗೆ ಒಂದೊಂದು ಜಾಯಿಂಟಿನ ಮೇಲೂ ಬೆರಳಿಡಲಿ. ಒಂದು ಕಡೆಯ ಕಂಬಿ ಕದಲಿದರೂ ಮುಂದಿನ ಕಂಬಿ ಕದಲದಿರುವ ಸ್ಥಳದಲ್ಲಿಯೇ ಸವೆತವಿದೆ. ಪೆಟ್ಟಿಗೆಯೇ ಚಾಸಿಯ ಮೇಲೆ ಅಲುಗುತ್ತಿದ್ದರೆ ಅದರ ಬೋಲ್ಟುಗಳು ಸಡಿಲಿವೆ; ಇದನ್ನು ಕಾಣದೆ ಒಳ್ಳೆಯ ಜಾಯಿಂಟುಗಳನ್ನೆಲ್ಲ ಬದಲಾಯಿಸಿ ಹಣ ಕಳೆದುಕೊಂಡವರುಂಟು. ಅನಂತರ ಮುಂದಿನ ಅಚ್ಚನ್ನು ಜಾಕಿಯಿಂದ ಎತ್ತಿ, ಕೆಳಗೆ ಭದ್ರವಾದ ಮರದ ದಿಮ್ಮಿಯನ್ನು ಕೊಟ್ಟು, ಟೈರಿನ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಬೇಕು. ಆಡಿದರೆ ಚಕ್ರದ ಬೇರಿಂಗಾದರೂ ಕಿಂಗ್ ಪಿನ್ ಎಂಬ ನಿಲುಗೀಲಾದರೂ ಸವೆದಿದೆ. ಕಾರಿನಲ್ಲಿಯೂ ಜೀಪಿನಲ್ಲಿಯೂ ಇನ್ನೊಬ್ಬನಿಂದ ಬ್ರೇಕನ್ನು ಮೆಟ್ಟಿಸಿ ಪುನಃ ಅಲುಗಿಸಿದಾಗ ಆಟವು ನಿಂತುಹೋದರೆ ದೋಷವು ಬೇರಿಂಗಿನದು, ನಿಲ್ಲದಿದ್ದರೆ ಕೀಲಿನದು. ಮುಂದೆ ಬ್ರೇಕಿಲ್ಲದ ಟ್ರ್ಯಾಕ್ಟರಿನಲ್ಲಿ ಎಲ್ಲಿ ಸಂದು ತೆರೆದು ಮುಚ್ಚುವುದೆಂಬುದನ್ನು ಕಣ್ಣಿನಿಂದಲೇ ನೋಡಬೇಕು. ಟೈರಿನ ಎಡಬಲದ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಆಡಿದರೆ ಸವೆತವು ಬಹುಶಃ ಟೈ ರಾಡಿನ ತುದಿಯಲ್ಲಿದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದು ದಪ್ಪ ಪಿನ್ನಿನ ಮೇಲೆ ತಕ್ಕಡಿಯ ದಂಡದಂತೆ ತೂಗುವುದರಿಂದ ಆ ಪಿನ್ನೂ ಅದರ ಬುಷ್ಷೂ ಸವೆಯುತ್ತವೆ. ಇದನ್ನು ನೋಡುವವರು ವಿರಳ.

ಕೈಚಕ್ರವು ಭಾರವಾಗುವುದು ಎರಡನೆಯ ದೋಷ. ಮೊದಲು ಟೈರಿನ ಗಾಳಿಯನ್ನು ನೋಡಿರಿ. ಅರ್ಧದಷ್ಟು ದೂರುಗಳು ಅಲ್ಲಿಯೇ ತೀರುವುವು. ಗಾಳಿಯು ಸರಿಯಾಗಿದ್ದರೆ ಕೀಲುಗಳಿಗೆ ಗ್ರೀಸ್ ಹೋಗಿದೆಯೇ, ಪೆಟ್ಟಿಗೆಯಲ್ಲಿ ಎಣ್ಣೆಯಿದೆಯೇ ಎಂದು ವಿಚಾರಿಸಬೇಕು. ಆಟವನ್ನು ಕಡಿಮೆ ಮಾಡುವ ಆತುರದಲ್ಲಿ ಪೆಟ್ಟಿಗೆಯ ತಿರುಪನ್ನು ಅತಿಯಾಗಿ ಬಿಗಿದಿದ್ದರೂ ಹೀಗಾಗುವುದು. ಇದು ಮೊದಲಿನ ದೋಷಕ್ಕಿಂತಲೂ ಕೆಟ್ಟದ್ದು. ಪವರ್ ಸ್ಟೀರಿಂಗಿನಲ್ಲಿ ಎಣ್ಣೆಯು ಇಳಿದಿರುವುದು, ಪಂಪಿನ ಬೆಲ್ಟು ಸಡಿಲವಾಗಿರುವುದು, ಎಣ್ಣೆಯಲ್ಲಿ ಗಾಳಿ ಸೇರಿ ನೊರೆ ಬಂದಿರುವುದು ಮುಖ್ಯ ಕಾರಣಗಳು.

ಗಾಡಿಯು ಒಂದೇ ಕಡೆಗೆ ಎಳೆಯುತ್ತಿದ್ದರೆ ಎರಡು ಟೈರುಗಳ ಗಾಳಿಯು ಸಮವಾಗಿದೆಯೇ, ಒಂದು ಕಡೆಯ ಬ್ರೇಕು ಬಿಡದೆ ಹಿಡಿದಿದೆಯೇ ಎಂದು ನೋಡಬೇಕು. ಒಂದೆರಡು ಮೈಲಿ ಓಡಿದ ಮೇಲೆ ಕೈಯನ್ನು ಚಕ್ರದ ಹತ್ತಿರ ಹಿಡಿದರೆ, ಬಿಡದ ಬ್ರೇಕಿನ ಕಡೆಯದು ಬಿಸಿಯಾಗಿರುವುದು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕೈಚಕ್ರವು ನಡುಗಿದರೆ ಚಕ್ರದ ತೂಕವು ಸುತ್ತಲೂ ಸಮನಾಗಿಲ್ಲವೆಂದು ಅರ್ಥ. ಅದನ್ನು ಪಟ್ಟಣದ ಅಂಗಡಿಯಲ್ಲಿ ಯಂತ್ರದಿಂದ ಸರಿಪಡಿಸುವರು. ಆದರೆ ಗುಂಡಿಯನ್ನು ಹಾರಿದೊಡನೆ ಜೀಪಿನ ಮುಂಚಕ್ರಗಳು ಹುಚ್ಚೆದ್ದಂತೆ ಎಡಬಲಕ್ಕೆ ಬಡಿಯಲಾರಂಭಿಸಿದರೆ ಅದು ಸವೆದ ಕೀಲುಗಳ ಕೂಗು. ಆಗ ಕೈಚಕ್ರವನ್ನು ಗಟ್ಟಿಯಾಗಿ ಹಿಡಿದು ನಿಧಾನವಾಗಿ ವೇಗವನ್ನು ಇಳಿಸಬೇಕೇ ಹೊರತು ಬೇರೆ ಉಪಾಯವಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಜೀಪು ಟ್ರ್ಯಾಕ್ಟರುಗಳನ್ನು ನಡೆಸುವವರು ಹೆಬ್ಬೆರಳನ್ನು ಕೈಚಕ್ರದ ಒಳಕ್ಕೆ ಸುತ್ತಿಕೊಳ್ಳದೆ ಅಂಚಿನ ಮೇಲೆ ಇಟ್ಟುಕೊಳ್ಳಬೇಕು. ಮುಂಚಕ್ರವು ಕಲ್ಲಿಗೆ ಬಡಿದಾಗ ಕೈಚಕ್ರದ ಕಡ್ಡಿಯು ತಟ್ಟನೆ ತಿರುಗಿ ಹೆಬ್ಬೆರಳನ್ನು ಮುರಿಯಬಲ್ಲದು.

ಬಾಗಿದ ಕಂಬಿಯನ್ನಾಗಲಿ ತೋಳನ್ನಾಗಲಿ ಕುಲುಮೆಯಲ್ಲಿ ಕಾಸಿ ನೆಟ್ಟಗೆ ಮಾಡಿಸುವುದು, ಸೀಳಿದುದಕ್ಕೆ ವೆಲ್ಡಿಂಗ್ ಮಾಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನೇಗಿಲಿಗೂ ಗಾಡಿಯ ಹಳಿಗೂ ಇದು ಒಪ್ಪತಕ್ಕದ್ದೇ. ಸ್ಟೀರಿಂಗಿನ ಭಾಗಗಳಿಗೆ ಮಾತ್ರ ಇದು ಎಂದಿಗೂ ಕೂಡದು. ಹದವಿಟ್ಟ ಕುಡುಗೋಲನ್ನು ಪುನಃ ಬೆಂಕಿಗೆ ಹಾಕಿದರೆ ಅದರ ಹದವು ಹೋಗುವುದೆಂದು ಕಮ್ಮಾರನಿಗೇ ಗೊತ್ತು. ಈ ಕಂಬಿಗಳೂ ಹದವಿಟ್ಟ ಉಕ್ಕಿನವು. ಕಾಸಿದ ಕಂಬಿಯು ನೋಡುವುದಕ್ಕೆ ಮೊದಲಿನಂತೆಯೇ ಇರುವುದು, ಆದರೆ ಒಳಗಿನ ಬಲವು ಹೋಗಿರುವುದು. ಬಾಲ್ ಜಾಯಿಂಟಿನ ಆಟಕ್ಕೆ ಟ್ಯೂಬಿನ ತುಂಡನ್ನು ತುರುಕುವುದೂ ಇದೇ ಜಾತಿಯ ಕೆಲಸ.

ಘಟ್ಟದ ದಾರಿಯ ಒಂದು ಮಾತು

ಆಗುಂಬೆ, ಚಾರ್ಮಾಡಿಯಂತಹ ಘಟ್ಟಗಳಲ್ಲಿ ಇಳಿಯುವಾಗ ಎಣ್ಣೆ ಉಳಿಸುವುದಕ್ಕಾಗಿ ಇಂಜಿನನ್ನು ನಿಲ್ಲಿಸಿ ಗಾಡಿಯನ್ನು ಜಾರಲು ಬಿಡುವ ಅಭ್ಯಾಸವು ಕೆಲವರಿಗಿದೆ. ಈಗಿನ ಕಾರುಗಳಲ್ಲಿ ಕೀಲಿಕೈಯನ್ನು ತೆಗೆದರೆ ಕಳ್ಳರ ಭಯಕ್ಕಾಗಿ ಇಟ್ಟಿರುವ ಬೀಗವು ಬಿದ್ದು ಕೈಚಕ್ರವು ತಿರುಗದೆ ನಿಲ್ಲುವುದು. ಕೀಲಿಯನ್ನು ತೆಗೆಯದಿದ್ದರೂ ಇಂಜಿನು ನಿಂತೊಡನೆ ಪವರ್ ಸ್ಟೀರಿಂಗಿನ ಸಹಾಯವು ತಪ್ಪಿ ಕೈಚಕ್ರವು ಕಲ್ಲಿನಂತೆ ಭಾರವಾಗುವುದು, ಬ್ರೇಕಿನ ಸಹಾಯವೂ ಕೆಲವು ಬಾರಿ ಮೆಟ್ಟಿದ ಮೇಲೆ ಮುಗಿದುಹೋಗುವುದು. 14 ತಿರುವುಗಳ ಆಗುಂಬೆಯ ದಾರಿಯಲ್ಲಿ ಉಳಿಯುವ ಎಣ್ಣೆಯು ಎಷ್ಟೆಂಬುದನ್ನು ಯಜಮಾನರು ಲೆಕ್ಕ ಹಾಕಿ ನೋಡಲಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಕೈಚಕ್ರಕ್ಕೂ ಮುಂಚಕ್ರಕ್ಕೂ ನಡುವೆ ಕಂಬಿಯೇ ಇರುವುದಿಲ್ಲ. ಕೊಳವೆಗಳಲ್ಲಿನ ಎಣ್ಣೆಯೇ ಎಲ್ಲ ಕೆಲಸವನ್ನೂ ಮಾಡುವುದು. ಇಂಜಿನು ನಿಂತರೆ ಬಹಳ ಶ್ರಮದಿಂದ ತಿರುಗಿಸಬಹುದು. ಕೊಳವೆ ಒಡೆದು ಎಣ್ಣೆ ಚೆಲ್ಲಿಹೋದರೆ ಅದೂ ಸಾಧ್ಯವಿಲ್ಲ. ಇಂತಹವುಗಳಲ್ಲಿ ಕೊಳವೆಯ ಮೇಲೆ ಬಿರುಕು, ಉಬ್ಬು, ಒಸರು ಕಂಡರೆ ಆ ದಿನ ರಸ್ತೆಗೆ ಕಳುಹಿಸಕೂಡದು.

ಟ್ರೈಲರಿನ ಭಾರ

ಸ್ಟೀರಿಂಗಿನಲ್ಲಿ ಯಾವ ದೋಷವೂ ಇಲ್ಲದೆ ಸ್ಟೀರಿಂಗು ಕೈಬಿಡುವ ಒಂದು ಸಂದರ್ಭವು ಕಬ್ಬಿನ ಸೀಮೆಗಳಲ್ಲಿ ಕಂಡುಬರುತ್ತದೆ. ಮುಂಚಕ್ರವು ನೆಲವನ್ನು ಒತ್ತಿ ಹಿಡಿದರೆ ಮಾತ್ರ ಗಾಡಿಯು ತಿರುಗುವುದು. ಎರಡು ಚಕ್ರದ ಟ್ರೈಲರಿನ ಭಾರದಲ್ಲಿ ಒಂದು ಪಾಲು ಟ್ರ್ಯಾಕ್ಟರಿನ ಹಿಂದಿನ ಕೊಂಡಿಯ ಮೇಲೆ ಬೀಳುವುದು. ಹಿಂದಿನ ಅಚ್ಚು ತಿರುಗಣಿಯಂತಾಗಿ ಮುಂದುಗಡೆಯು ಹಗುರವಾಗುವುದು. 2000 ಕಿಲೋಗ್ರಾಮು ತೂಕದ ಒಂದು ಟ್ರ್ಯಾಕ್ಟರಿನಲ್ಲಿ ಮುಂದಿನ ಅಚ್ಚಿನ ಮೇಲೆ 750 ಕಿಲೋಗ್ರಾಮು ಇದೆಯೆನ್ನೋಣ. ಅಚ್ಚುಗಳ ನಡುವೆ 2 ಮೀಟರು, ಕೊಂಡಿಯು ಹಿಂದಿನ ಅಚ್ಚಿನಿಂದ 70 ಸೆಂಟಿಮೀಟರು ಹಿಂದೆ ಇದೆ. ಕೊಂಡಿಯ ಮೇಲೆ 1000 ಕಿಲೋಗ್ರಾಮು ಬಿದ್ದರೆ ಮುಂದುಗಡೆಯಿಂದ 350 ಕಿಲೋಗ್ರಾಮು ಏಳುವುದು, 400 ಉಳಿಯುವುದು. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ ಮುಂದೆ ಇರಬೇಕೆಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಇಲ್ಲಿ ಅದು ಸರಿಯಾಗಿ ಮಿತಿಯ ಅಂಚಿಗೆ ಬಂದಿತು. ಕಬ್ಬನ್ನು ಟ್ರೈಲರಿನ ಮುಂಭಾಗಕ್ಕೆ ಹೆಚ್ಚಾಗಿ ಒಟ್ಟಿ ಕೊಂಡಿಯ ಮೇಲೆ 2000 ಕಿಲೋಗ್ರಾಮು ಬಿದ್ದರೆ ಮುಂದೆ ಉಳಿಯುವುದು 50 ಕಿಲೋಗ್ರಾಮು, ಎಂದರೆ ಒಂದು ಮೂಟೆಯಷ್ಟು. ಏರಿನಲ್ಲಿ ಅದೂ ಉಳಿಯದೆ ಮುಂಚಕ್ರಗಳು ಮೇಲೇಳುವುವು. ಇದನ್ನು ಸಾಹಸವೆಂದು ನಗುತ್ತಾ ನೋಡುವವರಿದ್ದಾರೆ. ಮುಂದೆ ಕಬ್ಬಿಣದ ತೂಕಗಳನ್ನು ಕಟ್ಟುವುದು, ಹೊರೆಯನ್ನು ಟ್ರೈಲರಿನ ಅಚ್ಚಿನ ಮೇಲೆ ಬೀಳುವಂತೆ ಹರಡುವುದು, ಕೊಂಡಿಯನ್ನು ತಯಾರಕರು ಇಟ್ಟ ಎತ್ತರಕ್ಕಿಂತ ಮೇಲೆ ಕಟ್ಟದಿರುವುದು ಇದಕ್ಕೆ ಪರಿಹಾರ. ಮುಂದಿನ ಟೈರಿನ ಸುತ್ತಲೂ ಇರುವ ಏಣುಗಳು ಪಕ್ಕಕ್ಕೆ ಜಾರದಂತೆ ಮಣ್ಣನ್ನು ಹಿಡಿಯುವುದಕ್ಕಾಗಿ ಇರುವುವು. ಅವು ಸವೆದ ಮೇಲೆ ಹಸಿ ನೆಲದಲ್ಲಿ ಕೈಚಕ್ರವನ್ನು ಎಷ್ಟು ತಿರುಗಿಸಿದರೂ ಟ್ರ್ಯಾಕ್ಟರು ನೇರವಾಗಿಯೇ ಹೋಗುವುದು.

ಹೊಲದ ಕೊನೆಯಲ್ಲಿ ಬೇಗ ತಿರುಗುವುದಕ್ಕಾಗಿ ಟ್ರ್ಯಾಕ್ಟರಿನ ಎಡಬಲದ ಹಿಂಚಕ್ರಗಳಿಗೆ ಎರಡು ಬೇರೆ ಬ್ರೇಕುಗಳಿವೆ. ಹೊಲದಿಂದ ರಸ್ತೆಗೆ ಬರುವ ಮುಂಚೆ ಎರಡು ಪೆಡಲುಗಳನ್ನೂ ಅವುಗಳ ಚಿಲಕದಿಂದ ಜೋಡಿಸಬೇಕು. ಜೋಡಿಸದೆ ವೇಗದಲ್ಲಿ ಒಂದನ್ನು ಮೆಟ್ಟಿದರೆ ಟ್ರ್ಯಾಕ್ಟರು ಆ ಕಡೆಗೆ ಬುಗುರಿಯಂತೆ ತಿರುಗಿ ಮಗುಚುವುದು. ಡ್ರೈವರು ಗದ್ದೆಯಿಂದ ಹೊರಬರುವಾಗ ಚಿಲಕವನ್ನು ಹಾಕುವನೋ ಇಲ್ಲವೋ ಎಂಬುದನ್ನು ಬದುವಿನ ಮೇಲೆ ನಿಂತೇ ನೋಡಬಹುದು.

ಯಜಮಾನರ ಹೊಣೆಯು ಕಾನೂನಿನಲ್ಲಿಯೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಪ್ರಕರಣದ ಪ್ರಕಾರ, ಅಪಾಯಕರವಾದ ದೋಷವಿರುವ ಗಾಡಿಯನ್ನು ನಡೆಸಿದವನು ಮಾತ್ರವಲ್ಲದೆ ನಡೆಸಲು ಬಿಟ್ಟವನೂ ತಪ್ಪಿತಸ್ಥನು. ದೋಷವು ಗೊತ್ತಿರಲಿಲ್ಲವೆಂಬ ಮಾತು, ಸಾಮಾನ್ಯ ಎಚ್ಚರಿಕೆಯಿಂದ ಅದನ್ನು ತಿಳಿಯಬಹುದಾಗಿದ್ದರೆ, ನಡೆಯುವುದಿಲ್ಲ. 5ನೆಯ ಪ್ರಕರಣದಂತೆ ಲೈಸೆನ್ಸಿಲ್ಲದವನ ಕೈಗೆ ಗಾಡಿಯನ್ನು ಕೊಡಕೂಡದು. 2019ರಲ್ಲಿ ಸೇರಿಸಿದ 199ಎ ಪ್ರಕರಣದ ಮೇರೆಗೆ ಹದಿನೆಂಟು ತುಂಬದ ಹುಡುಗನು ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷಗಳವರೆಗೆ ಸೆರೆಯೂ 25,000 ರೂಪಾಯಿ ದಂಡವೂ ಉಂಟು. ಸುಗ್ಗಿಯಲ್ಲಿ ಮನೆಯ ಹುಡುಗರ ಕೈಗೆ ಟ್ರ್ಯಾಕ್ಟರು ಕೊಡುವ ವಾಡಿಕೆ ಇರುವ ಊರುಗಳಲ್ಲಿ ಇದನ್ನು ಮುಖಂಡರು ಎಲ್ಲರಿಗೂ ತಿಳಿಸುವುದು ಒಳ್ಳೆಯದು.

ಗ್ರೀಸ್ ಹಾಕುವ ಕ್ರಮ

ಗಾಡಿಗೆ ಕೀಲೆಣ್ಣೆಯು ಹೇಗೋ ಸ್ಟೀರಿಂಗಿಗೆ ಗ್ರೀಸ್ ಹಾಗೆ. ಒಣ ಹೊಲದ ಕೆಲಸದಲ್ಲಿ ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು ಗಂಟೆಗಳಿಗೊಮ್ಮೆ ಹಾಕಿದರೆ ಸಾಕು. ಗದ್ದೆಯ ಕೆಸರಿನಲ್ಲಿ ಉತ್ತ ದಿನವಾದರೆ ಅದೇ ಸಂಜೆ ಹಾಕಬೇಕು. ರಾತ್ರಿಯೆಲ್ಲ ಕೀಲಿನೊಳಗೆ ನಿಂತ ಕೆಸರುನೀರು ಉಕ್ಕನ್ನು ತಿನ್ನುವುದು. ಮೊದಲು ನಿಪ್ಪಲುಗಳನ್ನು ಬಟ್ಟೆಯಿಂದ ಒರಸದೆ ಗ್ರೀಸ್ ಗನ್ನನ್ನು ಹಚ್ಚಿದರೆ ಅದರ ಬಾಯಲ್ಲಿರುವ ಮರಳನ್ನೇ ಒಳಕ್ಕೆ ತಳ್ಳಿದಂತಾಗುವುದು. ಒಳಗಿನ ಕಪ್ಪಾದ ಹಳೆಯ ಗ್ರೀಸ್ ಕೆಸರಿನೊಡನೆ ಹೊರಕ್ಕೆ ಬಂದು, ಅದರ ಹಿಂದೆ ಹೊಸದರ ಬಣ್ಣವು ಕಾಣುವವರೆಗೆ ಗನ್ನನ್ನು ಒತ್ತಬೇಕು. ಯಾವ ನಿಪ್ಪಲಿನಲ್ಲಿ ಗ್ರೀಸ್ ಹೋಗುವುದಿಲ್ಲವೋ ಅದನ್ನು ಬಿಚ್ಚಿ ತೊಳೆದು ಹಾಕಬೇಕೇ ಹೊರತು ಮುಂದಿನದಕ್ಕೆ ಹೋಗಕೂಡದು. ಮುಂದಿನ ಅಚ್ಚಿನ ನಡುಪಿನ್ನಿನ ನಿಪ್ಪಲು ಕೆಸರಿನಿಂದ ಮುಚ್ಚಿ ಕಣ್ಣಿಗೆ ಬೀಳದಂತೆ ಇರುವುದು. ಪುಸ್ತಕದ ಚಿತ್ರವನ್ನು ನೋಡಿ ಅದನ್ನು ಹುಡುಕಿ, ಅದರ ಸುತ್ತ ಒಂದಿಷ್ಟು ಕೆಂಪು ಬಣ್ಣವನ್ನು ಹಚ್ಚಿಟ್ಟರೆ ಮುಂದೆ ಯಾವ ಆಳು ಬಂದರೂ ತಪ್ಪದೆ ಕಾಣುವುದು.